ಕ್ಯಾರೆಟ್ ಕಡಿದ ಸದ್ದು

ಬುಧವಾರದ ಸೆಮಿನಾರಿನಲ್ಲಿ ಮಾತು ಮುಗಿಸಿದ ಪ್ರೊಫೆಸರ್ ವೆಂಡೆಲ್, ಹಿಂದಿನ ಸಾಲಿನ ಕಿಟಕಿ ಪಕ್ಕದ ಕುರ್ಚಿಯ ಕಡೆ ಕಿವಿಗೊಟ್ಟು ನಿಂತ. ಅದರ ಮೇಲೆ ಯಾರೋ ಕೋಟು ಇಟ್ಟಿದ್ದರು.

ಅಮೆರಿಕದ ಆನ್ ಆರ್ಬರ್ ಊರಿನ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಮಧ್ಯಾಹ್ನದ ಬುತ್ತಿ ತಿನ್ನುತ್ತಲೇ ಭಾಷಣ ಕೇಳುವುದು ಪದ್ಧತಿ. ಕೈಕಾಲಿನ ಹಾಗೆ ಮನುಷ್ಯನ ಮನಸ್ಸೂ ವಿಕಾಸದಿಂದಲೇ ರೂಪುಗೊಂಡಿದ್ದು ಎಂದು ವೆಂಡೆಲ್ ಹೇಳತೊಡಗಿದ ಹೊಸತರಲ್ಲಿ ಕೇಳುವವರೇ ಬೆರಳೆಣಿಕೆಯಷ್ಟಿದ್ದರು. ಅವರಲ್ಲೂ ಅರ್ಧ ಜನ ನಗುವುದಕ್ಕೆ ಬಂದವರು. ಮಾನವಶಾಸ್ತ್ರದ ಇರ್ಮಾ ಮಾತ್ರ ಜಗಳಕ್ಕೇ ಬರುತ್ತಿದ್ದಳು. ಪುರಾವೆಯಿಲ್ಲದ ಒಂದು ಮಾತು ಇವನ ಬಾಯಿಂದ ಬಿದ್ದರೆ ಸಾಕು, ಅವಳು ಕೂರುತ್ತಿದ್ದ ಆ ಕುರ್ಚಿಯಿಂದ ಕಟುಮ್ಮೆಂದು ಕ್ಯಾರೆಟ್ ಕಡಿದ ಸದ್ದು. ಆಮೇಲೆ, "ಕಥೆ ಚೆನ್ನಾಗಿದೆ ಕಣೋ ವೆಂಡೆಲ್. ಸಾಕ್ಷಿ ಎಲ್ಲಿ?" ಇವನು ಮೈಯೆಲ್ಲ ಉರಿದುಕೊಂಡು ಮನೆಗೆ ಹೋಗುತ್ತಿದ್ದ, ಮುಂದಿನ ಬುಧವಾರಕ್ಕೆ ಸಾಕ್ಷಿ ಹುಡುಕಿ ತರುತ್ತಿದ್ದ. ಅವನ ಶಾಸ್ತ್ರ ಬೆಳೆದದ್ದೇ ಹಾಗೆ.

ಈಗ ಕೋಣೆ ತುಂಬಿ ತುಳುಕುತ್ತದೆ. ಇರ್ಮಾ ತೀರಿಕೊಂಡು ಒಂದು ಚಳಿಗಾಲ ಕಳೆಯಿತು.

ಕೋರಾ ಎಂಬ ವಿದ್ಯಾರ್ಥಿನಿ ಕೈ ಎತ್ತಿದಳು. "ಸತ್ತೋದೋರಿಗೆ ಹಂಬಲಿಸೋದ್ರಿಂದ ಏನ್ ಲಾಭ ಸಾರ್? ವಿಕಾಸ ಅದನ್ನ ಯಾಕೆ ಉಳಿಸ್ಕೊಂಡಿದೆ?"

"ಕಾಡಲ್ಲಿ ತಪ್ಪಿಸ್ಕೊಂಡೋರನ್ನ ಬಿಡದೆ ಹುಡುಕಿದ್ರಲ್ಲ, ಅವರ ಮಕ್ಕಳು ಕಣಮ್ಮ ನಾವು. ಆ ಹಳೇ ಮನಸ್ಸು ಇನ್ನೂ ಹುಡುಕ್ತಾನೇ ಇದೆ. ಸತ್ತಿದಾರೆ ಅಂದ್ರೆ ಅದಕ್ಕೆ ಅರ್ಥ ಆಗಲ್ಲ, ಅಷ್ಟೇ."

ಅಷ್ಟೇ ಎನ್ನುವಾಗ ಅವನ ಬಾಯಿ ಕಹಿಯಾಯಿತು. ಅಷ್ಟೇ ಅಲ್ಲ ಎಂದು ಯಾರಾದರೂ ಎದ್ದು ಜಗಳ ತೆಗೆಯಲಿ ಎಂದು ಜೀವ ಹಾತೊರೆಯಿತು. ಎಲ್ಲರೂ ತಲೆದೂಗಿ ಬರೆದುಕೊಂಡರು. ಯಾರೋ ಚಪ್ಪಾಳೆ ಬೇರೆ ತಟ್ಟಿದರು.

ವೆಂಡೆಲ್ ಬುತ್ತಿಯ ಚೀಲಕ್ಕೆ ಕೈ ಹಾಕಿದ. ಕ್ಯಾರೆಟ್ ಕಂಡರೆ ಅವನಿಗಾಗದು. ಆದರೂ ಈಚೆಗೆ ಬುಧವಾರ ಬಂತೆಂದರೆ ಒಂದನ್ನು ಚೀಲದಲ್ಲಿಟ್ಟು ತರುತ್ತಿದ್ದ, ತಿನ್ನದೆ ಮನೆಗೊಯ್ಯುತ್ತಿದ್ದ. ಇವತ್ತು ಅದನ್ನು ಹಿಡಿದು ಹಿಂದಿನ ಸಾಲಿಗೆ ನಡೆದ. ಕೋಟನ್ನು ಪಕ್ಕಕ್ಕಿಟ್ಟು, ಆ ಕುರ್ಚಿಯಲ್ಲಿ ಕೂತು, ಕಡಿದ.

"ಏನ್ ಸಾರ್, ಅಷ್ಟೊಂದು ಹಸಿವಾ?" ಎಂದು ಕೋರಾ ನಕ್ಕಳು.

"ಇಲ್ಲಮ್ಮ. ಆ ಮೇಷ್ಟ್ರು ಈಗ ಒಂದು ಕಥೆ ಹೇಳಿದ್ರಲ್ಲ, ಅದಕ್ಕೆ ಸಾಕ್ಷಿ ಎಲ್ಲಿ ಅಂತ ಕೇಳ್ದೆ."

ಇನ್ನೊಮ್ಮೆ ಕಡಿದ. ಎಷ್ಟು ಜೋರಾಗಿ ಕಡಿದರೂ ಇರ್ಮಾಳ ಸದ್ದು ಬರಲಿಲ್ಲ.