ಅಮ್ಮನ ರೈಫಲ್

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ ಅದರ ವಾಸನೆಗೆ ಲಂಡನ್ನಿನ ಅಂಚಿನ ಆ ಕೋವಿ ಅಂಗಡಿ ನೆನಪಾಗುತ್ತದೆ.

ಕೊಡಗಿನಲ್ಲಿ ಬೆಳೆದ ಅಮ್ಮ, ಮೊಲ ಹೊಡೆಯುವ ತನ್ನ ಸಣ್ಣ ರೈಫಲ್ ಕೊಟ್ಟು ಜಿಂಕೆ ಬೇಟೆಗೆ ದೊಡ್ಡದನ್ನು ತರಲು ಹೋಗಿದ್ದಳು; ಅಪ್ಪನೂ ನಾನೂ ಜೊತೆಗಿದ್ದೆವು. ಟೂ-ಫೋರ್-ತ್ರೀ, ತ್ರೀ-ಓ-ಎಯ್ಟ್ ಎಂಬ ಗುಂಡಿನ ಅಳತೆಗಳ ಎರಡು ರೈಫಲ್‌ಗಳನ್ನು ಭುಜಕ್ಕೇರಿಸಿ ನೋಡಿ, ಗುಂಡು ಹಾರಿದಾಗ ಯಾವುದು ಭುಜಕ್ಕೆ ಹೆಚ್ಚು ಒದೆಯುತ್ತದೆಂದು ಇಂಗ್ಲಿಷಿನಲ್ಲಿ ಕೇಳಿದಳು. ಅಂಗಡಿಯವನು ಅಪ್ಪನ ಕಡೆ ತಿರುಗಿ ಉತ್ತರಿಸಿದ. ಕೋವಿಯನ್ನೇ ಮುಟ್ಟದ ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಅಮ್ಮ ಮತ್ತೊಂದು ಪ್ರಶ್ನೆ ಕೇಳಿದಳು. ಅದಕ್ಕೂ ಉತ್ತರ ಅಪ್ಪನಿಗೇ.

"ನೀವ್ಯಾಕ್ರೀ ತಲೆ ಆಡಿಸ್ತೀರಿ?" ಎಂದಳು ಅಮ್ಮ ಕನ್ನಡದಲ್ಲಿ.

"ಸುಮ್ನೆ, ಮರ್ಯಾದೆಗೆ."

ಅಮ್ಮ ತನ್ನ ಹಳೆಯ ರೈಫಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಕಾರಿನಲ್ಲಿ ಅಪ್ಪ, "'ಕೋವಿ ಅವಳದ್ದು, ಅವಳಿಗೇ ಹೇಳಪ್ಪ' ಅಂತ ಆ ಅಂಗಡಿಯವನಿಗೆ ಅನ್ನಬೇಕಿತ್ತು ನಾನು," ಎಂದು ಸ್ಟೀರಿಂಗ್ ನೋಡುತ್ತ ಹೇಳಿದರು. ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.