ಪೋಸ್ಟರಿನ ಹುಡುಗಿ

"ನೋಡು, ಓದು ಮುಗಿದ್ರೆ ಹಿಂಗೆ ನಗಬಹುದು," ಎಂದು ತಂದೆ ಗೋಡೆಯ ಪೋಸ್ಟರಿನತ್ತ ಬೆರಳು ಮಾಡಿ ಮಗಳ ಭುಜ ತಟ್ಟಿದರು. ಕಪ್ಪು ಗೌನು ತೊಟ್ಟು ಹಲ್ಲು ಬಿಟ್ಟು ನಗುತ್ತಿದ್ದ ಆ ಹುಡುಗಿಯೇ ಪೋಸ್ಟರಿನ ಕೆಳಗೆ, ಕಾಲೇಜಿನ ಅಡ್ಮಿಷನ್ ಮೇಜಿನ ಹಿಂದೆ ಕೂತಿದ್ದಳು. ಯಾರೂ ಗುರುತು ಹಿಡಿಯದಿರಲೆಂದು ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು. ಕಂಪ್ಯೂಟರ್ ಸೈನ್ಸ್ ಓದಿದ್ದಕ್ಕೆ ಸಿಕ್ಕಿದ್ದು ಇಲ್ಲಿ ಫೋನ್ ಎತ್ತುವ ಕೆಲಸ; ಸಂಬಳದ ಮುಕ್ಕಾಲು ಪಾಲು ಓದಿನ ಸಾಲದ ಕಂತಿಗೇ ಹೋಗುತ್ತಿತ್ತು. ಕಾಲೇಜಿನ ಲೆಕ್ಕದಲ್ಲಿ ಮಾತ್ರ ಅವಳಿಗೂ ಪ್ಲೇಸ್‌ಮೆಂಟ್ ಆಗಿತ್ತು.

"ಸಾಲ ಸ್ವಲ್ಪ ಜಾಸ್ತಿನೇ ಆಗುತ್ತೆ. ಕೆಲಸ ಸಿಕ್ಕಿದ್ಮೇಲೆ ತೀರಿಸಬಹುದಲ್ವಾ, ಮೇಡಂ?"

"ನಮ್ಮಲ್ಲಿ ಓದಿದವರ ಸರಾಸರಿ ಸಂಬಳ ತುಂಬಾ ಚೆನ್ನಾಗಿದೆ, ಸರ್," ಅವಳು ಗಿಳಿಪಾಠ ಒಪ್ಪಿಸಿದಳು.

ಮಗಳು ಪೋಸ್ಟರನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. "ಅಕ್ಕಾ, ಅದು ನೀವೇ ಅಲ್ವಾ?"

ಮೇಜಿನ ಹಿಂದಿದ್ದವಳು ಅರ್ಜಿಗಳತ್ತ ತಲೆ ತಗ್ಗಿಸಿದಳು. ಬಂಡವಾಳ ಬಯಲಾಯಿತು, ಇನ್ನು ಇವರು ಎದ್ದು ಹೋಗುತ್ತಾರೆ, ಸಂಜೆಯೊಳಗೆ ನನ್ನ ಕೆಲಸವೂ ಹೋಗುತ್ತದೆ ಎಂದುಕೊಂಡಳು. ಆದರೆ ತಂದೆಯ ಮುಖ ಊರಗಲವಾಯಿತು.

"ನೋಡಿದ್ಯಾ! ಓದಿಸಿದವರೇ ಕರೆದು ಕೆಲಸ ಕೊಟ್ಟಿದಾರೆ. ಇನ್ನೇನು ಬೇಕು?" ಅವರು ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡು ಕೈ ಚಾಚಿದರು. "ಪೆನ್ನು ಕೊಡಮ್ಮ, ಸೈನ್ ಹಾಕಿಬಿಡ್ತೀನಿ."

ಪೆನ್ನು ಅವಳ ಕೈಯಲ್ಲೇ ಇತ್ತು. ಅರ್ಧ ಮುಂದೆ ಹೋದ ಕೈ ಹಿಂದಕ್ಕೆ ಬಂತು. ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೇಳಿದಳು:

"ಮೊದ್ಲು ನನ್ನ ಸಂಬಳ ಎಷ್ಟು ಅಂತ ಕೇಳಿ, ಸರ್."