ಏಟು ತಡೆಯದ ಆರ್ಮೇಚರ್

ಗಂಡ ಎರಡನೇ ಏಟಿಗೆ ಕೈ ಎತ್ತಿದಾಗ ಅವಳ ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಆರ್ಮೇಚರ್. ಅವನ ಅಜ್ಜನ ಕಾಲದ ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನೊಳಗೆ ಗಿರ್ರನೆ ತಿರುಗುವ, ತಾಮ್ರದ ತಂತಿ ಸುತ್ತಿದ ಭಾರದ ಉಂಡೆ. ಅವಳು ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

ಅವಳು ಮಾಡಿದ ತಪ್ಪು ಇಷ್ಟೇ. ಕರೆಂಟು ದಾಟಿಸುವ ಕಾರ್ಬನ್ ತುಂಡುಗಳನ್ನು ಹೊಸದಾಗಿ ಹಾಕಿದ ಮೋಟಾರಿಗೆ ಮೊದಲು ಬಲ್ಬಿನ ಮೂಲಕ ಕರೆಂಟು ಕೊಟ್ಟು, ಮೆಲ್ಲಗೆ ಓಡಿಸಿ ಪಳಗಿಸಬೇಕಿತ್ತು. ಅವಳು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಕೋಣೆ ಗುಡಿಸಿದ್ದಳು. ಅವನು ಮೋಟಾರು ಬಿಚ್ಚಿ ತಾಮ್ರದ ಮೇಲೆ ಕಿಡಿ ಹಾರಿ ಸುಟ್ಟ ಕಪ್ಪು ಕಲೆ ನೋಡಿದ. ಮರುಗಳಿಗೆಗೆ ಅವಳ ತುಟಿ ಒಡೆದಿತ್ತು.

ಈಗ ಅವನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮದುವೆಯಾದಾಗಿನಿಂದ ಅವಳು ಕೇಳಿರದ ದನಿಯೊಂದು, ಹಸುಗೂಸನ್ನು ಎತ್ತಿಕೊಂಡವರ ದನಿ, ಅವನ ಗಂಟಲಿನಿಂದ ಬಂತು. “ಬೇಡ ಕಣೇ... ಮೆಲ್ಲಗೆ ಇಡು. ಏಟು ಬಿದ್ರೆ ಅದು ತಡ್ಕೊಳ್ಳಲ್ಲ. ಹೊರಗೆ ಏನೂ ಕಾಣಲ್ಲ, ಒಳಗೆ ತಂತಿ ಕಡಿದು ಹೋಗಿರುತ್ತೆ.” ಹಾಗೆನ್ನುತ್ತಾ, ಗಟ್ಟಿ ಮರ ತಾಗದಿರಲೆಂದು, ಮೇಜಿನ ಮೇಲೆ ತನ್ನ ಬಲಗೈಯನ್ನೇ ಹಾಸಿಗೆಯಂತೆ ಹಾಸಿದ.

“ಸಿಟ್ಟಿನಲ್ಲಿ ಕೈ ಮೀರುತ್ತೆ, ಪಾಪ, ಏಟು ಅಂದರೇನು ಅಂತ ಅವರಿಗೆ ಗೊತ್ತಾಗಲ್ಲ” ಎಂದು ತವರಿನವರ ಮುಂದೆ ಇಷ್ಟು ದಿನ ಅವನ ಪರ ವಕೀಲಿಕೆ ಮಾಡಿದವಳು ಅವಳೇ.

“ಓಹೋ, ನಿಮಗೆ ಇದೆಲ್ಲ ಗೊತ್ತಿತ್ತಾ!” ಎಂದವಳೇ ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಆರ್ಮೇಚರನ್ನು ಆ ಬೆರಳುಗಳ ಮೇಲೆ ಅಪ್ಪಳಿಸಿದಳು. ಮೂಳೆ ಲಟಕ್ಕೆಂದಿತು. ಅವನು ಚೀರುತ್ತಾ ನೆಲಕ್ಕೆ ಕುಸಿದ.

ಅವಳು ಆರ್ಮೇಚರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಹೊರಗೆ ಏನೂ ಕಾಣಲಿಲ್ಲ.